ಸ್ಮೋಕ್ ಆನ್ ದಿ ವಾಟರ್

'ಸ್ಮೋಕ್ ಆನ್ ದಿ ವಾಟರ್' ಇಂಗ್ಲೆಂಡಿನ ರಾಕ್ ಸಂಗೀತ ತಂಡವಾದ ಡೀಪ್ ಪರ್ಪಲ್‌ನ ಅತ್ಯಂತ ಪ್ರಸಿದ್ಧ ಗೀತೆ. ಶೀರ್ಷಿಕೆಯ ಅರ್ಥ 'ನೀರಿನ ಮೇಲಣ ಹೊಗೆ'. ಇದು ರೂಪಕವಲ್ಲ; ತಂಡದವರು ಕಣ್ಣಾರೆ ಕಂಡ ಅಗ್ನಿ ದುರಂತವೇ ಗೀತೆಯ ವಸ್ತು.

1971ರ ಡಿಸೆಂಬರಿನಲ್ಲಿ ತಂಡವು 'ಮೆಷಿನ್ ಹೆಡ್' ಆಲ್ಬಂನ ಧ್ವನಿಮುದ್ರಣಕ್ಕಾಗಿ ಸ್ವಿಟ್ಜರ್ಲೆಂಡಿನ ಮೊಂತ್ರೋ ಪಟ್ಟಣಕ್ಕೆ ಬಂದಿತ್ತು. ಜಿನೀವಾ ಸರೋವರದ ದಡದಲ್ಲಿದ್ದ ಕ್ಯಾಸಿನೊ ಕಟ್ಟಡವನ್ನು ಅದಕ್ಕೆ ಗೊತ್ತುಮಾಡಲಾಗಿತ್ತು. ಡಿಸೆಂಬರ್ 4ರಂದು ಅಲ್ಲಿ ಫ್ರಾಂಕ್ ಜಪ್ಪಾ ಅವರ ಸಂಗೀತ ಕಾರ್ಯಕ್ರಮ ನಡೆಯುತ್ತಿದ್ದಾಗ ಪ್ರೇಕ್ಷಕನೊಬ್ಬ ಸಂಕೇತದ ಪಿಸ್ತೂಲಿನಿಂದ ಛಾವಣಿಯತ್ತ ಬೆಂಕಿ ಹಾರಿಸಿದನು. ಕಟ್ಟಡ ಸುಟ್ಟು ಬೂದಿಯಾಯಿತು. ಜಪ್ಪಾ ತಂಡದ ವಾದ್ಯಗಳೂ ಉಳಿಯಲಿಲ್ಲ. ಮೊಂತ್ರೋ ಜಾಜ್ ಉತ್ಸವದ ಸ್ಥಾಪಕರಲ್ಲೊಬ್ಬರಾದ ಕ್ಲೋದ್ ನೋಬ್ಸ್ ಒಳಗಿದ್ದವರನ್ನು ಹೊರತರಲು ನೆರವಾದರು. ಗೀತೆಯಲ್ಲಿ ಅವರ ಹೆಸರೂ ಬಂದಿದೆ.

ಸರೋವರದ ಮೇಲೆ ಹರಡಿದ ಹೊಗೆಯ ನೆನಪಿನಲ್ಲಿ, ಕೆಲವು ದಿನಗಳ ಬಳಿಕ ನಿದ್ದೆಯಿಂದೆದ್ದ ಬಾಸ್ ಗಿಟಾರ್ ವಾದಕ ರೋಜರ್ ಗ್ಲೋವರ್ ಅವರಿಗೆ ಈ ಶೀರ್ಷಿಕೆ ಹೊಳೆಯಿತು. ಮಾದಕ ವಸ್ತುವಿನ ಹಾಡೆಂದು ಜನ ತಪ್ಪು ತಿಳಿದಾರೆಂಬ ಅಳುಕು ತಂಡಕ್ಕಿತ್ತು. ಸಾಹಿತ್ಯವನ್ನು ಗಾಯಕ ಇಯಾನ್ ಗಿಲ್ಲನ್ ರಚಿಸಿದರು.

ನೆಲೆ ತಪ್ಪಿದ ತಂಡವು ಪೆವಿಲಿಯನ್ ಎಂಬ ರಂಗಮಂದಿರದಲ್ಲಿ ವಾದ್ಯಭಾಗವನ್ನು ಮುದ್ರಿಸಿತು. ಗದ್ದಲ ತಾಳಲಾರದೆ ನೆರೆಯವರು ದೂರಿತ್ತಾಗ ಪೊಲೀಸರು ಬಂದರು; ಮುದ್ರಣ ಮುಗಿಯುವವರೆಗೆ ಸಹಾಯಕರು ಬಾಗಿಲನ್ನು ಒತ್ತಿ ಹಿಡಿದಿದ್ದರು! ಉಳಿದ ಕೆಲಸ ಚಳಿಗಾಲಕ್ಕೆ ಮುಚ್ಚಿದ್ದ ಗ್ರಾಂಡ್ ಹೋಟೆಲಿನ ಪಡಸಾಲೆಗಳಲ್ಲಿ ನಡೆಯಿತು.

ರಿಚೀ ಬ್ಲ್ಯಾಕ್‌ಮೋರ್ ಅವರ ಗಿಟಾರಿನ ಆರಂಭದ ಸ್ವರಗುಚ್ಛವು ಬಹು ಸರಳವಾದುದು. ಗಿಟಾರ್ ಕಲಿಯುವವರು ಮೊದಲು ನುಡಿಸಲೆತ್ನಿಸುವುದು ಬಹುಮಟ್ಟಿಗೆ ಇದನ್ನೇ. ಆದರೂ ಈ ಗೀತೆ ಜನಪ್ರಿಯವಾದೀತೆಂದು ತಂಡ ಎಣಿಸಿರಲಿಲ್ಲ. 1972ರ ಮಾರ್ಚ್‌ನಲ್ಲಿ ಆಲ್ಬಂ ಹೊರಬಂದಾಗ 'ನೆವರ್ ಬಿಫೋರ್' ಗೀತೆಗೇ ಪ್ರಾಶಸ್ತ್ಯ ದೊರೆಯಿತು. 1973ರಲ್ಲಿ ಬಿಡಿಯಾಗಿ ಬಿಡುಗಡೆಗೊಂಡ 'ಸ್ಮೋಕ್ ಆನ್ ದಿ ವಾಟರ್' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೇರಿತು.