ಕೂದಲೊಳಗಿನ ನೀರು, ಬ್ರಷ್ಷಿನೊಳಗಿನ ಬಿಸಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಜಗಳೂರಿನಲ್ಲಿ ತಲೆಗೆ ನೀರು ಹಾಕಿಕೊಂಡು ಅಂಗಳಕ್ಕೆ ಬಂದು ನಿಂತರೆ ಕೂದಲು ಒಣಗುವುದಕ್ಕೆ ಹೆಚ್ಚು ಹೊತ್ತು ಬೇಡ. ಬಯಲಿನ ಒಣಗಾಳಿಯೇ ಕೆಲಸ ಮುಗಿಸುತ್ತದೆ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ನ್ಯಾಮತಿಯಲ್ಲೋ ಚನ್ನಗಿರಿಯ ಅಡಿಕೆ ತೋಟದ ಮನೆಯಲ್ಲೋ ಬೆಳಿಗ್ಗೆ ತೊಳೆದ ಕೂದಲು ಸಂಜೆಯಾದರೂ ಬುಡದಲ್ಲಿ ಹಸಿಯಾಗಿಯೇ ಉಳಿಯುತ್ತದೆ. ಒಂದೇ ದಾವಣಗೆರೆ ಜಿಲ್ಲೆ, ಆದರೆ ಕೂದಲಿಗೆ ಸಿಗುವ ಹವೆ ಬೇರೆ ಬೇರೆ.

ಈ ಊರುಗಳ ಮನೆಗಳಿಗೆ ಈಗ ಬಿಸಿ ಬ್ರಷ್ ಬಂದಿದೆ. ಹಿಂದೆ ಆರತಕ್ಷತೆಗೋ ಕಾಲೇಜಿನ ಸಮಾರಂಭಕ್ಕೋ ಕೂದಲು ನೀಳವಾಗಿ ಕಾಣಬೇಕೆಂದರೆ ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ಸು ಹತ್ತಬೇಕಿತ್ತು. ಆ ಕೆಲಸವೀಗ ಮನೆಯ ಕನ್ನಡಿಯ ಮುಂದೆಯೇ ಆಗುತ್ತದೆ. ಎಷ್ಟೋ ಡಬ್ಬಿಗಳ ಮೇಲೆ 200 ಡಿಗ್ರಿ, 230 ಡಿಗ್ರಿ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಬಿಸಿ ಹೆಚ್ಚಿದಷ್ಟೂ ಕೂದಲು ಚೆನ್ನಾಗಿ ಕೂರುತ್ತದೆಂದು ಕೊಂಡವರು ನಂಬುತ್ತಾರೆ. ಈ ನಂಬಿಕೆಯೇ ತಪ್ಪು. ಕೂದಲಿನ ಆಕಾರವನ್ನು ಬಿಡಿಸುವುದೂ ಕಟ್ಟುವುದೂ ಅದರೊಳಗಿನ ನೀರು. ಬ್ರಷ್ಷಿನ ಬಿಸಿಗಿರುವುದು ಆ ನೀರನ್ನು ಹದವಾಗಿ ಹೊರಗೆ ಕಳಿಸುವ ಕೆಲಸ. ಇದು ತಿಳಿದವರು ಕಡಿಮೆ ಬಿಸಿಯಲ್ಲೇ ಒಳ್ಳೆಯ ಫಲ ಪಡೆಯುತ್ತಾರೆ. ತಿಳಿಯದವರ ಕೂದಲು ಸುಡುತ್ತದೆ.

ಒಂದು ಕೂದಲೆಳೆಯ ದಪ್ಪ ಸಾಮಾನ್ಯವಾಗಿ 0.05ರಿಂದ 0.1 ಮಿಲಿಮೀಟರ್. ಅದರ ಹೊರಮೈಗೆ ಆರರಿಂದ ಹತ್ತು ಪದರದ ಚಿಪ್ಪುಗಳು ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಹೊದಿಸಿಕೊಂಡಿರುತ್ತವೆ. ಅಂಚುಗಳೆಲ್ಲ ತುದಿಯ ಕಡೆಗೆ. ಬುಡದಿಂದ ತುದಿಗೆ ಬೆರಳಾಡಿಸಿದರೆ ನುಣುಪು, ತುದಿಯಿಂದ ಬುಡಕ್ಕೆ ಆಡಿಸಿದರೆ ತರಿತರಿ. ಒಂದೊಂದು ಚಿಪ್ಪಿನ ದಪ್ಪ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗದಷ್ಟು. ಈ ಚಿಪ್ಪುಗಳ ಹೊದಿಕೆಯ ಒಳಗೆ ಕೆರಟಿನ್ ಎಂಬ ಪ್ರೋಟೀನಿನ ಎಳೆಗಳು ಉದ್ದಕ್ಕೂ ಒತ್ತಾಗಿ ಮಲಗಿವೆ. ಉಣ್ಣೆ ಮತ್ತು ಕೂದಲನ್ನು ಎಳೆದು ಹಿಡಿದಾಗ ಅವುಗಳ ಒಳರಚನೆ ಬದಲಾಗುವುದನ್ನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ 1930ರ ದಶಕದಲ್ಲಿ ಎಕ್ಸ್-ಕಿರಣಗಳಿಂದ ಕಂಡುಕೊಂಡರು. ಕೆರಟಿನ್ ಎಳೆ ಸುರುಳಿಯಾಕಾರದ್ದೆಂದು 1951ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ವಿವರಿಸಿದರು.

ಈ ಸುರುಳಿಗಳನ್ನು ಹಿಡಿದಿಡುವ ಬಂಧಗಳಲ್ಲಿ ಎರಡು ನಮಗೆ ಮುಖ್ಯ. ಒಂದು ಗಂಧಕದ ಬಂಧ. ಇದು ಗಟ್ಟಿ, ನೀರಿಗೆ ಜಗ್ಗುವುದಿಲ್ಲ. ಹುಟ್ಟು ಗುಂಗುರು ಕೂದಲು ಎಷ್ಟು ಸಲ ನೆನೆದು ಒಣಗಿದರೂ ಮತ್ತೆ ಗುಂಗುರಾಗುವುದು ಇದರಿಂದ. ಕೂದಲು ಸುಟ್ಟಾಗ ಬರುವ ಕಮಟು ವಾಸನೆಗೂ ಈ ಗಂಧಕವೇ ಕಾರಣ. ಇನ್ನೊಂದು ಹೈಡ್ರೋಜನ್ ಬಂಧ. ಒಂದೊಂದಾಗಿ ನೋಡಿದರೆ ತೀರ ದುರ್ಬಲ, ಆದರೆ ಸಂಖ್ಯೆ ಲೆಕ್ಕವಿಲ್ಲದಷ್ಟು. ನೀರು ಒಳಗೆ ಇಳಿದರೆ ಇವು ಬಿಚ್ಚಿಕೊಳ್ಳುತ್ತವೆ, ನೀರು ಹೊರಟುಹೋದರೆ ಕೂದಲು ಆಗ ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ. ಬಿಸಿ ಬ್ರಷ್ ಕೆಲಸ ಮಾಡುವುದು ಈ ಎರಡನೆಯ ಬಂಧದ ಮೇಲೆ ಮಾತ್ರ.

ಇದಕ್ಕೆ ಸಾಕ್ಷಿ ಬೇಕಿದ್ದರೆ ಹೊನ್ನಾಳಿಯ ಯಾವ ಶಾಲೆಯ ಬಳಿಯಾದರೂ ಸೋಮವಾರ ಬೆಳಿಗ್ಗೆ ನಿಂತು ನೋಡಬಹುದು. ಭಾನುವಾರ ಎಣ್ಣೆ ನೀರಾದ ಕೂದಲನ್ನು ಅರೆ ಹಸಿಯಲ್ಲೇ ಬಿಗಿಯಾಗಿ ಎರಡು ಜಡೆ ಹೆಣೆದು, ಮಡಿಚಿ, ರಿಬ್ಬನ್ ಕಟ್ಟಿ ಕಳಿಸಿರುತ್ತಾರೆ. ಸಂಜೆ ಮನೆಗೆ ಬಂದು ಜಡೆ ಬಿಚ್ಚಿದರೆ ನೆಟ್ಟಗಿದ್ದ ಕೂದಲು ಅಲೆಅಲೆಯಾಗಿ ಇಳಿಯುತ್ತದೆ. ಯಾವ ಯಂತ್ರವೂ ಇಲ್ಲದೆ, ಯಾವ ಬಿಸಿಯೂ ಇಲ್ಲದೆ ಆಕಾರ ಬದಲಾಯಿತು. ಹಸಿಯಲ್ಲಿ ಬಿಚ್ಚಿದ ಬಂಧಗಳು ಜಡೆಯೊಳಗೇ ಒಣಗಿ ಕಟ್ಟಿಕೊಂಡವು, ಅಷ್ಟೆ. ಮರುದಿನ ತಲೆ ತೋಯಿಸಿದರೆ ಅಲೆ ಮಾಯ.

ಕೂದಲು ನೀರು ಕುಡಿಯುವುದು ಸ್ನಾನದಲ್ಲಿ ಮಾತ್ರವೇ ಅಲ್ಲ, ಗಾಳಿಯಿಂದಲೂ ಹೌದು. ಗಾಳಿಯ ಆರ್ದ್ರತೆ ಶೇಕಡ 65 ಇದ್ದಾಗ ಕೂದಲು ತನ್ನ ಒಣ ತೂಕದ ಸುಮಾರು ಶೇಕಡ 15ರಷ್ಟು ನೀರನ್ನು ಹಿಡಿದಿರುತ್ತದೆ. ಗಾಳಿ ಪೂರ್ತಿ ತೇವವಾದಾಗ ಅದು ಶೇಕಡ 30ರ ಹತ್ತಿರಕ್ಕೆ ಏರುತ್ತದೆ. ಜೊತೆಗೆ ಕೂದಲಿನ ಉದ್ದವೂ ಶೇಕಡ 2ರಷ್ಟು ಹಿಗ್ಗುತ್ತದೆ. ಜಿನೀವಾದ ಹೊರೇಸ್ ಬೆನೆಡಿಕ್ಟ್ ಡಿ ಸಸ್ಯೂರ್ ಈ ಹಿಗ್ಗನ್ನೇ ನೆಚ್ಚಿ ಮನುಷ್ಯರ ಕೂದಲಿನಿಂದ ಆರ್ದ್ರತಾಮಾಪಕ ಮಾಡಿದರು, 1783ರಲ್ಲಿ ಅದರ ಬಗ್ಗೆ ಗ್ರಂಥವನ್ನೂ ಪ್ರಕಟಿಸಿದರು. ಕೂದಲಿನ ಎಳೆ ಕಟ್ಟಿದ ಮಾಪಕಗಳು ನಮ್ಮ ಹವಾಮಾನ ಕೇಂದ್ರಗಳಲ್ಲೂ ಬಹುಕಾಲ ಕೆಲಸ ಮಾಡಿವೆ. ಜಗಳೂರಿನ ಬೇಸಿಗೆಯಲ್ಲಿ ದಿನವಿಡೀ ನಿಲ್ಲುವ ಕೇಶವಿನ್ಯಾಸ ಮಳೆಗಾಲದ ಚನ್ನಗಿರಿಯಲ್ಲಿ, ಸೂಳೆಕೆರೆಯ ದಂಡೆಯಲ್ಲಿ, ಒಂದು ಗಂಟೆಯೊಳಗೆ ಕುಸಿದರೆ ಬ್ರಷ್ಷಿನ ತಪ್ಪಲ್ಲ, ಬಿಸಿ ಸಾಲದೆ ಹೋದದ್ದೂ ಅಲ್ಲ. ಗಾಳಿಯ ತೇವ ಒಳಹೊಕ್ಕು ಬಂಧಗಳನ್ನು ಬಿಡಿಸಿದೆ. ಅಲ್ಲಿ ಇನ್ನೂ 30 ಡಿಗ್ರಿ ಏರಿಸುವುದರಿಂದ ಲಾಭವಿಲ್ಲ. ಮಳೆಯ ದಿನ ಜಡೆ ಹೆಣೆದು ಹೋಗುವುದೇ ಬುದ್ಧಿವಂತಿಕೆ ಎಂದು ನನಗನಿಸುತ್ತದೆ.

ಅಂಗಡಿಯಲ್ಲಿ ಬಿಸಿ ಬ್ರಷ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಸಾಧನಗಳು ಸಿಗುತ್ತವೆ. ಒಂದರಲ್ಲಿ ಫ್ಯಾನ್ ಇದೆ. ದುಂಡನೆಯ ಬ್ರಷ್ಷಿನ ತೂತುಗಳಿಂದ ಬಿಸಿಗಾಳಿ ಹೊರಬರುತ್ತದೆ. ಇದು ಅರೆ ಹಸಿ ಕೂದಲಿಗೆ. ಇನ್ನೊಂದರಲ್ಲಿ ಗಾಳಿಯಿಲ್ಲ, ಹಲ್ಲುಗಳೇ ಕಾಯುತ್ತವೆ. ಇದು ಪೂರ್ತಿ ಒಣಗಿದ ಕೂದಲಿಗೆ. ಎರಡನ್ನೂ ಅದಲುಬದಲು ಮಾಡಬಾರದು. ಏಕೆಂದು ಒಂದು ಸಣ್ಣ ಲೆಕ್ಕ ಹಾಕೋಣ. ಟವೆಲ್‌ನಲ್ಲಿ ಒರೆಸಿದ ಉದ್ದ ಕೂದಲಿನಲ್ಲಿ 50 ಗ್ರಾಂ ನೀರು ಉಳಿದಿದೆ ಎಂದಿಟ್ಟುಕೊಳ್ಳಿ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಕ್ತಿ ಬೇಕು, 50 ಗ್ರಾಮಿಗೆ 1,20,000 ಜೂಲ್. ಗಾಳಿ ಬ್ರಷ್ 1,000 ವ್ಯಾಟ್‌ನದಾದರೆ, ಶಕ್ತಿ ಒಂದಿಷ್ಟೂ ಪೋಲಾಗದಿದ್ದರೆ, ಎರಡು ನಿಮಿಷದ ಕೆಲಸ. ವಾಸ್ತವದಲ್ಲಿ ಅದರ ಕೆಲವು ಪಟ್ಟು ಹಿಡಿಯುತ್ತದೆ. ಹಲ್ಲು ಕಾಯುವ ಬ್ರಷ್‌ಗಳಲ್ಲಿ ಹಲವು 50 ವ್ಯಾಟ್ ಆಸುಪಾಸಿನವು. ಅದೇ ನೀರಿಗೆ ಅವುಗಳಿಗೆ 40 ನಿಮಿಷ ಬೇಕು. ಅಷ್ಟು ಹೊತ್ತು 180 ಡಿಗ್ರಿಯ ಹಲ್ಲುಗಳನ್ನು ಹಸಿ ಕೂದಲಿನ ಮೇಲೆ ಎಳೆದಾಡಿದರೆ ಕೂದಲು ಉಳಿಯುವುದಿಲ್ಲ.

ಹಸಿ ಕೂದಲಿಗೆ ತೀವ್ರ ಬಿಸಿ ತಾಗಿದಾಗ ಆಗುವ ಹಾನಿಗೆ ವೈದ್ಯಶಾಸ್ತ್ರದಲ್ಲಿ ಹೆಸರೇ ಇದೆ, ಗುಳ್ಳೆ ಕೂದಲು. 1986ರಲ್ಲಿ ಇದು ಮೊದಲು ವರದಿಯಾಯಿತು. ಕೂದಲೊಳಗೆ ಸಿಕ್ಕಿಕೊಂಡ ನೀರು ಒಮ್ಮೆಲೇ ಕುದಿದು ಆವಿಯಾಗುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಹೊರಗೆ ಹೋಗಲು ದಾರಿ ಸಾಲದೆ ಮೆತ್ತಗಾದ ಕೆರಟಿನ್ನನ್ನೇ ಊದಿಸಿ ಗುಳ್ಳೆ ಮಾಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಯ ಉದ್ದಕ್ಕೂ ಸಾಲು ಗುಳ್ಳೆಗಳು. ಕೈಗೆ ಮಾತ್ರ ಕೂದಲು ಒರಟಾಗಿ, ಪಟಪಟ ಮುರಿಯುವಂತೆ ತೋರುತ್ತದೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೂದಲು ಸುರುಳಿ ಮಾಡುವ 125 ಡಿಗ್ರಿ ಸೆಲ್ಸಿಯಸ್‌ನ ಇಕ್ಕುಳವನ್ನು ಒಂದು ನಿಮಿಷ ಹಿಡಿದಾಗಲೇ ಆರೋಗ್ಯವಾದ ಕೂದಲಿನಲ್ಲಿ ಗುಳ್ಳೆ ಎದ್ದಿತ್ತು. ಬ್ರಷ್ ತಾಗಿದೊಡನೆ ಚುಯ್ ಎಂಬ ಸದ್ದು ಕೇಳಿದರೆ ಒಳಗೆ ನೀರು ಕುದಿಯುತ್ತಿದೆ ಎಂದೇ ಅರ್ಥ. ಕೂಡಲೇ ನಿಲ್ಲಿಸಬೇಕು. ಒಣ ಕೂದಲಿಗೆ ಮಿತಿ ಇನ್ನೂ ಮೇಲಿದೆ. ಕೆರಟಿನ್ ಸುರುಳಿಗಳು ಪೂರ್ತಿ ಕೆಡುವುದು 220ರಿಂದ 240 ಡಿಗ್ರಿಯ ನಡುವೆ. ಡಬ್ಬಿಯ ಮೇಲಿನ 230 ಆ ಗಡಿಯ ಒಳಗೇ ಬೀಳುತ್ತದೆ. ತೆಳು ಕೂದಲಿಗೆ 150, ದಪ್ಪ ಕೂದಲಿಗೆ 180 ಡಿಗ್ರಿ ಸಾಕು. ಡೈ ಹಾಕಿದ, ಬ್ಲೀಚ್ ಮಾಡಿದ ಕೂದಲಿಗೆ ಇನ್ನೂ ಕಡಿಮೆ.

ಬಿಸಿಯೆಂದರೆ ಕೂದಲಿಗೆ ಶತ್ರು ಎಂದು ಮಾತ್ರ ತಿಳಿಯಬೇಕಿಲ್ಲ. ಕೊರಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೂದಲಿನ ಕಂತೆಗಳನ್ನು 30 ಸಲ ತೊಳೆದು ಬೇರೆ ಬೇರೆ ಬಿಸಿಯಲ್ಲಿ ಒಣಗಿಸಿದರು. ಡ್ರೈಯರ್ 5 ಸೆಂಟಿಮೀಟರ್ ಹತ್ತಿರವಿದ್ದಾಗ ಗಾಳಿಯ ಬಿಸಿ 95 ಡಿಗ್ರಿ, 15 ಸೆಂಟಿಮೀಟರ್ ದೂರದಲ್ಲಿ 47 ಡಿಗ್ರಿ. ಬಿಸಿ ಏರಿದಂತೆ ಹೊರಮೈಯ ಚಿಪ್ಪುಗಳು ಹೆಚ್ಚು ಹಾಳಾದವು. ಆದರೆ ಡ್ರೈಯರ್ ಇಲ್ಲದೆ ತಾನಾಗಿ ಒಣಗಲು ಬಿಟ್ಟ ಕೂದಲಿನಲ್ಲಿ ಮಾತ್ರ ಒಳಪದರಗಳನ್ನು ಅಂಟಿಸುವ ಪೊರೆ ಉಬ್ಬಿ ಕೆಟ್ಟಿತ್ತು. ಬಹಳ ಹೊತ್ತು ನೆನೆದೇ ಇರುವುದೂ ಹಾನಿ ಎಂದಾಯಿತು. ದೂರದಿಂದ, ಕೈಯಾಡಿಸುತ್ತ ಒಣಗಿಸುವುದೇ ಒಳ್ಳೆಯದೆಂದು ಅವರು ತೀರ್ಮಾನಿಸಿದರು.

ನಮ್ಮ ಬಾಣಂತಿ ಕೋಣೆಗಳಲ್ಲಿ ನಡೆದುಬಂದದ್ದೂ ಇದೇ ಅಲ್ಲವೆ? ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಬಿದಿರು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂದಲು ಹರಡಿ ಬೆರಳಲ್ಲಿ ಬಿಡಿಸುತ್ತಿದ್ದರು. ದೂರದಿಂದ ಮೆಲ್ಲನೆ ಏರುವ ಬಿಸಿಗಾಳಿ, ಓಡಾಡುವ ಕೈ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ಮಾತ್ರ ಅಪಾಯ, ಕಾರ್ಬನ್ ಮಾನಾಕ್ಸೈಡ್ ತಾಯಿ ಮಗು ಇಬ್ಬರಿಗೂ ಕುತ್ತು ತರಬಲ್ಲದು.

ಹಾಗಾದರೆ ಬ್ರಷ್ ಹಿಡಿಯುವ ಕ್ರಮವೇನು? ತಲೆ ತೊಳೆದ ಮೇಲೆ ಟವೆಲ್‌ನಿಂದ ಉಜ್ಜದೆ ಒತ್ತಿ ನೀರು ತೆಗೆಯಿರಿ. ಬಹುಪಾಲು ನೀರನ್ನು ಗಾಳಿಯೇ ಒಯ್ಯಲಿ. ಹೊರಗೆ ಗಾಳಿ ಒಣಗಿದ್ದರೆ ಅಂಗಳ ಸಾಕು, ಮಳೆಗಾಲವಾದರೆ ಫ್ಯಾನಿನ ಕೆಳಗೆ ಕೂತುಕೊಳ್ಳಿ. ಮುಟ್ಟಿದರೆ ಕೈ ಒದ್ದೆಯಾಗುವುದಿಲ್ಲ, ಆದರೆ ತಂಪು ಹತ್ತುತ್ತದೆ ಎನ್ನುವ ಹದ ಬಂದಾಗ ಗಾಳಿ ಬ್ರಷ್ ಎತ್ತಿಕೊಳ್ಳಿ. ಮೊದಲು ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕು ಬಿಡಿಸಿ, ಆಮೇಲೆ ಮೇಲಕ್ಕೆ ಹೋಗಬೇಕು. ಹಸಿ ಕೂದಲು ಒಣ ಕೂದಲಿಗಿಂತ ಬೇಗ ಹಿಗ್ಗಿ ತುಂಡಾಗುತ್ತದೆ. ಎರಡು ಬೆರಳು ಅಗಲದ ಕೂದಲನ್ನು ಬೇರೆ ಮಾಡಿ, ಬುಡದಿಂದ ತುದಿಗೆ ಸಾವಕಾಶವಾಗಿ ಎಳೆಯಿರಿ. ತುದಿ ಒಳಮುಖವಾಗಿ ಬಾಗಬೇಕೆಂದರೆ ಅಲ್ಲಿ ಬ್ರಷ್ಷಿಗೆ ಸುತ್ತಿ, ಕೂದಲು ಒಣಗಿದ ಮೇಲೆ ಬಿಸಿ ನಿಲ್ಲಿಸಿ, ತಣ್ಣಗಿನ ಗಾಳಿ ಬಿಟ್ಟು, ಕೂದಲು ಆರುವ ತನಕ ಹಾಗೆಯೇ ಹಿಡಿಯಿರಿ. ಬಹಳ ಜನ ಬಿಡುವುದು ಈ ಕೊನೆಯ ಕೆಲಸವನ್ನೇ. ಬಿಸಿಯಲ್ಲಿ ಕೆರಟಿನ್ ಮೆತ್ತಗಿರುತ್ತದೆ, ಆರಿದಾಗಲೇ ಬಿಗಿಯುವುದು. ಬಿಸಿಬಿಸಿಯಾಗಿಯೇ ಬಿಟ್ಟರೆ ಕೂದಲಿನ ಭಾರಕ್ಕೇ ಬಾಗು ಸಡಿಲವಾಗುತ್ತದೆ. ಆಮೇಲೆ ಅದೇ ಜಾಗಕ್ಕೆ ಮತ್ತೆ ಮತ್ತೆ ಬಿಸಿ ಕೊಡುತ್ತಾರೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಸೊಂಟಕ್ಕಿಳಿದ ಕೂದಲಿನ ತುದಿಗೆ ಐದಾರು ವರ್ಷ ವಯಸ್ಸಾಗಿರುತ್ತದೆ. ಅದು ಎಷ್ಟೋ ಬಿಸಿಲು, ಸೋಪು, ಬಾಚಣಿಗೆ ಕಂಡ ತುದಿ. ಅದಕ್ಕೆ ಒಂದೇ ಸಲ ಸಾಕು.

ಎಣ್ಣೆಯ ವಿಚಾರ. ಕೊಬ್ಬರಿ ಎಣ್ಣೆ ಕೂದಲಿನೊಳಕ್ಕೆ ಇಳಿದು, ತೊಳೆಯುವಾಗ ಪ್ರೋಟೀನ್ ಸೋರುವುದನ್ನು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆಗೂ ಖನಿಜ ತೈಲಕ್ಕೂ ಆ ಗುಣವಿಲ್ಲ ಎಂದು ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ 2003ರಲ್ಲಿ ತೋರಿಸಿದ್ದಾರೆ. ಅದನ್ನು ಸ್ನಾನಕ್ಕೆ ಮೊದಲು ಹಚ್ಚುವುದು ಒಳ್ಳೆಯದು. ಎಣ್ಣೆ ಸವರಿದ ಕೂದಲಿಗೆ ಬಿಸಿ ಹಲ್ಲಿನ ಬ್ರಷ್ ಹಾಕಿದರೆ ಎಣ್ಣೆ ಕಾದು ಹೊಗೆಯೇಳಬಹುದು, ನೆತ್ತಿ ಸುಡಬಹುದು. ಕೊಳವೆಬಾವಿಯ ಗಡಸು ನೀರು ಇನ್ನೊಂದು ತೊಡಕು, ಜಗಳೂರಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆ ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಕರಗದ ಜಿಡ್ಡಾಗಿ ಕೂದಲಿಗೆ ಮೆತ್ತುತ್ತದೆ. ಬ್ರಷ್ ಜಾರುವುದಿಲ್ಲ, ಎಳೆತ ಹೆಚ್ಚುತ್ತದೆ. ಸೀಗೆಕಾಯಿಗೆ, ಅಂಟುವಾಳಕ್ಕೆ ಈ ತೊಂದರೆ ಅಷ್ಟಿಲ್ಲ. ಕೊನೆಯ ತಂಬಿಗೆಗೆ ಹಿಡಿದಿಟ್ಟ ಮಳೆನೀರು ಸಿಕ್ಕರೆ ಒಳ್ಳೆಯದು.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ತಿಂಗಳುಗಟ್ಟಲೆ ಕೂದಲು ನೆಟ್ಟಗೆ ನಿಲ್ಲಿಸುತ್ತೇವೆನ್ನುವ ಕ್ರೀಮು, ದ್ರಾವಣಗಳನ್ನು ತರಿಸಿ ಮನೆಯಲ್ಲೇ ಹಚ್ಚಿ ಬಿಸಿ ಬ್ರಷ್ ಎಳೆಯಬೇಡಿ. ಕೆಲವು ದ್ರಾವಣಗಳು ಕಾದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಅದು ಕ್ಯಾನ್ಸರ್‌ಕಾರಕ. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲವೂ ನಿರಪಾಯವಲ್ಲ. ಅದಿದ್ದ ಕ್ರೀಮಿನಿಂದ ಕೂದಲು ನೆಟ್ಟಗೆ ಮಾಡಿಸಿಕೊಂಡ 26 ವರ್ಷದ ಮಹಿಳೆಯೊಬ್ಬರಿಗೆ 2020, 2021, 2022ರಲ್ಲಿ ಮೂರು ಸಲವೂ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದದ್ದನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ವರದಿ ಮಾಡಿದ್ದಾರೆ. ನೀರು ತಾಗಿದರೆ ಅಳಿಸಿಹೋಗುವ ಬ್ರಷ್ಷಿನ ಕೆಲಸಕ್ಕೆ ಇಂಥ ಬೆಲೆ ತೆರಬೇಕಿಲ್ಲ.

ಇನ್ನು ಕರೆಂಟು. ಒಂದು ಸಾವಿರ ವ್ಯಾಟ್‌ನ ಬ್ರಷ್ ಕಾಲು ಗಂಟೆ ನಡೆದರೆ ಕಾಲು ಯೂನಿಟ್. ಖರ್ಚು ದೊಡ್ಡದಲ್ಲ. ಹಳ್ಳಿಯಲ್ಲಿ ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ತಂತಿ ಸುರುಳಿಯ ಹೀಟರ್ ಕೊಡುವ ಶಕ್ತಿ ಸುಮಾರು 610 ವ್ಯಾಟ್‌ಗೆ ಕುಸಿಯುತ್ತದೆ, ಫ್ಯಾನೂ ನಿಧಾನವಾಗುತ್ತದೆ. ಬ್ರಷ್ ಕೆಟ್ಟಿತೆಂದುಕೊಂಡು ಹೆಚ್ಚು ಹೊತ್ತು ಒಂದೇ ಕಡೆ ಒತ್ತಿ ಹಿಡಿಯುವುದು ಬೇಡ, ವೋಲ್ಟೇಜ್ ಸರಿಯಾಗುವವರೆಗೆ ಕಾಯಿರಿ. ಬಚ್ಚಲಲ್ಲಿ, ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬಾರದು. ಆರಿಸಿದ ಬ್ರಷ್ಷನ್ನು ಹಾಸಿಗೆಯ ಮೇಲೆ ಬಿಸಾಡದೆ ಮಕ್ಕಳ ಕೈಗೆಟುಕದ ಕಲ್ಲಿನ ಹಲಗೆಯ ಮೇಲೆ ಆರಲು ಬಿಡಿ. ಗಾಳಿ ಬ್ರಷ್ಷಿನ ಹಿಂಭಾಗದಲ್ಲಿ ಒಂದು ಜಾಲರಿ ಇರುತ್ತದೆ, ಗಾಳಿ ಒಳಗೆ ಹೋಗುವುದು ಅಲ್ಲಿಂದಲೇ. ಉದುರಿದ ಕೂದಲು, ಧೂಳು ಅಲ್ಲಿ ಕಟ್ಟಿಕೊಂಡರೆ ಗಾಳಿ ಕಡಿಮೆಯಾಗಿ, ಇದ್ದಷ್ಟು ಗಾಳಿಯೇ ವಿಪರೀತ ಕಾಯುತ್ತದೆ. 1994ರ ಆ ಅಧ್ಯಯನ ಹುಟ್ಟಿದ್ದೂ ಮಿತಿಮೀರಿ ಕಾಯುತ್ತಿದ್ದ ಒಂದು ಡ್ರೈಯರ್‌ನಿಂದ. ಅಡಿಕೆ ಸುಲಿಯುವ, ಮೆಕ್ಕೆಜೋಳ ಬಿಡಿಸುವ ದಿನಗಳಲ್ಲಿ ಮನೆಯಲ್ಲಿ ಧೂಳು ಹೆಚ್ಚು. ಪ್ಲಗ್ ಕಿತ್ತು, ಬ್ರಷ್ ಪೂರ್ತಿ ತಣ್ಣಗಾದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ವಾರಕ್ಕೊಮ್ಮೆ ಆ ಜಾಲರಿಯನ್ನು ಉಜ್ಜಿಡಿ.