ಅಕ್ಷಿಪಟಲದ ಚಿತ್ರಣ: ಅನುವಂಶಿಕ ದೃಷ್ಟಿದೋಷ ಮತ್ತು ನಮ್ಮ ಉಪಕರಣೋದ್ಯಮ

ನೇತ್ರ ಚಿಕಿತ್ಸೆಗೆ ಸಂಬಂಧಿಸಿದ ವ್ಯಾಪಾರವೆಂದರೆ ಕನ್ನಡಕ, ಮಸೂರ ಹಾಗೂ ಪೊರೆ ಶಸ್ತ್ರಚಿಕಿತ್ಸೆಯ ಸಾಮಗ್ರಿಗಳು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲವನ್ನು, ಅಂದರೆ ರೆಟಿನಾವನ್ನು, ಚಿತ್ರೀಕರಿಸುವ ಯಂತ್ರಗಳು ಕಳೆದ ಮೂರು ದಶಕಗಳಲ್ಲಿ ಈ ಕ್ಷೇತ್ರದ ಸ್ವರೂಪವನ್ನೇ ಬದಲಿಸಿವೆ. ವಂಶಪಾರಂಪರ್ಯವಾಗಿ ಬರುವ ದೃಷ್ಟಿದೋಷಗಳಲ್ಲಂತೂ, ಚಿಕಿತ್ಸೆ ಯಾರಿಗೆ ಸಾಧ್ಯ, ಯಾರಿಗೆ ಕಾಲ ಮೀರಿದೆ ಎಂಬ ನಿರ್ಧಾರವೇ ಇಂದು ಈ ಚಿತ್ರವನ್ನು ಅವಲಂಬಿಸಿದೆ. ಆದುದರಿಂದ ಉಪಕರಣ ತಯಾರಕರೂ ವರ್ತಕರೂ ಈ ವಿಷಯವನ್ನು ಅರಿತಿರುವುದು ಉಚಿತ.

ರೋಗದ ಸ್ವರೂಪ

ಅನುವಂಶಿಕ ಅಕ್ಷಿಪಟಲ ರೋಗಗಳಿಗೆ ಕಾರಣವಾಗುವ 250ಕ್ಕೂ ಹೆಚ್ಚು ಜೀನ್‌ಗಳು ಈವರೆಗೆ ಪತ್ತೆಯಾಗಿವೆ. ಇವುಗಳಲ್ಲಿ ಹೆಚ್ಚು ಕಂಡುಬರುವುದು ರೆಟಿನೈಟಿಸ್ ಪಿಗ್ಮೆಂಟೋಸ. ಜಗತ್ತಿನಲ್ಲಿ ಸುಮಾರು 4,000 ಜನರಲ್ಲಿ ಒಬ್ಬರಿಗೆ ಇದು ಬರುತ್ತದೆ ಎಂದು ಅಂದಾಜಿದೆ. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ದಂಡಕೋಶಗಳು ಮೊದಲು ನಶಿಸುವುದರಿಂದ ಇರುಳುಗುರುಡು ಇದರ ಆರಂಭದ ಲಕ್ಷಣ. ಕ್ರಮೇಣ ನೋಟದ ವ್ಯಾಪ್ತಿ ಅಂಚಿನಿಂದ ಕಿರಿದಾಗುತ್ತ ಬಂದು, ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ಸ್ಟಾರ್‌ಗಾರ್ಟ್ ರೋಗದಲ್ಲಿ ಇದಕ್ಕೆ ವಿರುದ್ಧವಾಗಿ ನಡುಭಾಗದ ನೋಟವೇ ಮಸುಕಾಗುತ್ತದೆ. ಲೆಬರ್ ಜನ್ಮಜಾತ ಅಂಧತೆಯಲ್ಲಿ ಶೈಶವದಿಂದಲೇ ದೃಷ್ಟಿ ತೀರ ಕಡಿಮೆ ಇರುತ್ತದೆ. ಇವಾವುವೂ ಕನ್ನಡಕದಿಂದ ಸರಿಹೋಗುವ ದೋಷಗಳಲ್ಲ.

ಇಂತಹ ಅನೇಕ ರೋಗಗಳಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಬಂದಾಗ ಮಾತ್ರ ಮಗುವಿಗೆ ತೊಂದರೆ ತಲೆದೋರುತ್ತದೆ. ಸೋದರಮಾವ, ಅತ್ತೆಯ ಮಕ್ಕಳು, ಮಾವನ ಮಕ್ಕಳೊಡನೆ ಮದುವೆಯಾಗುವ ವಾಡಿಕೆಯುಳ್ಳ ನಮ್ಮ ಭಾಗದಲ್ಲಿ ಈ ಸಂಭವ ಹೆಚ್ಚು.

ಯಂತ್ರಗಳು ತೋರಿಸುವುದೇನು?

1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ನೇತ್ರದರ್ಶಕವನ್ನು ಪರಿಚಯಿಸಿದ ಮೇಲೆ ಜೀವಂತ ಕಣ್ಣಿನ ಒಳಭಾಗವನ್ನು ನೋಡುವುದು ವೈದ್ಯರಿಗೆ ಸಾಧ್ಯವಾಯಿತು. ಅನಂತರ ಬಂದ ಫಂಡಸ್ ಕ್ಯಾಮೆರಾ ಅದರ ಛಾಯಾಚಿತ್ರವನ್ನು ಒದಗಿಸಿತು. ಆದರೆ ಈ ವರ್ಣಚಿತ್ರ ಮೇಲ್ಮೈಯನ್ನಷ್ಟೇ ತೋರಿಸುತ್ತದೆ. ಅಕ್ಷಿಪಟಲದ ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅದರೊಳಗೆ ಹಲವು ಪದರಗಳಿವೆ. 1991ರಲ್ಲಿ ಅಮೆರಿಕದ ಎಂಐಟಿಯ ತಂಡವೊಂದು ಪ್ರಕಟಿಸಿದ ಓಸಿಟಿ ತಂತ್ರವು, ಬೆಳಕು ಒಳಹೊಕ್ಕು ಹಿಂತಿರುಗುವ ಬಗೆಯನ್ನು ಅಳೆದು, ಈ ಪದರಗಳ ಅಡ್ಡಕೊಯ್ತದ ಚಿತ್ರವನ್ನು ಕಣ್ಣಿಗೆ ಏನನ್ನೂ ತಾಗಿಸದೆ ನೀಡುತ್ತದೆ. ಬೆಳಕು ಗ್ರಹಿಸುವ ಕೋಶಗಳ ಪದರ ಎಲ್ಲಿ ಉಳಿದಿದೆ, ಎಲ್ಲಿ ತೆಳುವಾಗಿದೆ ಎಂಬುದು ಮೈಕ್ರಾನ್ ಲೆಕ್ಕದಲ್ಲಿ ತಿಳಿಯುತ್ತದೆ.

ಮತ್ತೊಂದು ವಿಧಾನ ಸ್ವಯಂಪ್ರದೀಪ್ತಿ ಚಿತ್ರಣ. ಕೋಶಗಳಲ್ಲಿ ಶೇಖರವಾಗುವ ಲಿಪೋಫಸ್ಕಿನ್ ಎಂಬ ತ್ಯಾಜ್ಯವು ನೀಲಿ ಬೆಳಕಿಗೆ ಹೊಳೆಯುತ್ತದೆ. ಸ್ಟಾರ್‌ಗಾರ್ಟ್ ರೋಗದಲ್ಲಿ ಇದು ಪ್ರಕಾಶಮಾನವಾದ ಮಚ್ಚೆಗಳಾಗಿಯೂ, ಕೋಶಗಳು ಸತ್ತ ಜಾಗ ಕಪ್ಪಾಗಿಯೂ ಕಾಣುತ್ತದೆ. ರೆಟಿನೈಟಿಸ್ ಪಿಗ್ಮೆಂಟೋಸದ ಅನೇಕ ರೋಗಿಗಳಲ್ಲಿ ನಡುಭಾಗದ ಸುತ್ತ ಹೊಳೆಯುವ ಉಂಗುರವೊಂದು ಮೂಡಿ, ವರ್ಷಗಳು ಕಳೆದಂತೆ ಕಿರಿದಾಗುತ್ತದೆ. ಉಂಗುರದ ಒಳಗಿನ ಭಾಗವೇ ರೋಗಿಗೆ ಉಳಿದ ಬಂಡವಾಳ.

ಚಿತ್ರವನ್ನು ಅವಲಂಬಿಸಿದ ಚಿಕಿತ್ಸೆ

2017ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಸಂಸ್ಥೆಯು ಆರ್‌ಪಿಇ65 ಎಂಬ ಜೀನ್‌ನ ದೋಷಕ್ಕೆ ಲಕ್ಸ್‌ಟರ್ನಾ ಎಂಬ ಜೀನ್ ಚಿಕಿತ್ಸೆಗೆ ಅನುಮತಿ ನೀಡಿತು. ಆಗ ಘೋಷಿಸಲಾದ ಬೆಲೆ ಎರಡೂ ಕಣ್ಣುಗಳಿಗೆ 8.5 ಲಕ್ಷ ಡಾಲರ್. ಈ ಔಷಧವು ಬದುಕಿರುವ ಕೋಶಗಳಿಗೆ ಸರಿಯಾದ ಜೀನ್ ಒದಗಿಸಬಲ್ಲದೇ ಹೊರತು ಸತ್ತ ಕೋಶಗಳನ್ನು ಮರಳಿ ತರಲಾರದು. ಆದ್ದರಿಂದಲೇ ಅಕ್ಷಿಪಟಲದಲ್ಲಿ ಜೀವಂತ ಕೋಶಗಳು ಸಾಕಷ್ಟು ಉಳಿದಿವೆ ಎಂದು ವೈದ್ಯರು ಖಚಿತಪಡಿಸಿಕೊಳ್ಳಬೇಕೆಂಬುದು ಅನುಮತಿಯ ಷರತ್ತು. ಇದರಲ್ಲಿ ಓಸಿಟಿ ಚಿತ್ರದ ಪಾತ್ರ ದೊಡ್ಡದು; ತಡವಾಗಿ ತೆಗೆಸಿದ ಚಿತ್ರ ಎಷ್ಟು ಸ್ಪಷ್ಟವಾಗಿದ್ದರೂ ಕಳೆದುಹೋದ ಅವಕಾಶದ ದಾಖಲೆ ಮಾತ್ರ.

ಉದ್ಯಮಕ್ಕೆ ಇರುವ ಅವಕಾಶ

ಬೆಂಗಳೂರಿನ ಫೋರಸ್ ಹೆಲ್ತ್ ಸಂಸ್ಥೆಯ ‘ತ್ರಿನೇತ್ರ’ ಉಪಕರಣ ಹಾಗೂ ರೆಮಿಡಿಯೋ ಸಂಸ್ಥೆಯ ಮೊಬೈಲ್ ಫೋನ್ ಆಧಾರಿತ ಫಂಡಸ್ ಕ್ಯಾಮೆರಾ, ಒಯ್ಯಬಲ್ಲ ಚಿತ್ರಣ ಯಂತ್ರಗಳನ್ನು ನಮ್ಮಲ್ಲಿಯೇ ತಯಾರಿಸಬಹುದೆಂದು ತೋರಿಸಿಕೊಟ್ಟಿವೆ. ಮಧುಮೇಹದಿಂದ ಬರುವ ಕಣ್ಣಿನ ತೊಂದರೆಯ ತಪಾಸಣೆಗೆ ಇಂತಹ ಕ್ಯಾಮೆರಾಗಳು ಬಹಳ ಉಪಯುಕ್ತ. ಆದರೆ ಅನುವಂಶಿಕ ರೋಗಗಳಲ್ಲಿ ಓಸಿಟಿ, ಸ್ವಯಂಪ್ರದೀಪ್ತಿ ಯಂತ್ರಗಳೂ ಬೇಕು. ಇವುಗಳ ಹೆಸರಾಂತ ತಯಾರಕರು ಜರ್ಮನಿಯ ಜೈಸ್, ಹೈಡೆಲ್‌ಬರ್ಗ್ ಎಂಜಿನಿಯರಿಂಗ್ ಹಾಗೂ ಜಪಾನಿನ ಟಾಪ್‌ಕಾನ್.

ಈ ರೋಗಿಗಳ ಅಗತ್ಯಗಳೂ ವಿಶಿಷ್ಟವಾದುವು. ಲೆಬರ್ ಅಂಧತೆಯುಳ್ಳ ಮಗುವಿನ ಕಣ್ಣುಗುಡ್ಡೆ ಸದಾ ಅಲುಗಾಡುತ್ತಿರುತ್ತದೆ. ‘ಈ ಚುಕ್ಕೆಯನ್ನೇ ನೋಡು’ ಎಂದರೆ ನೋಡಲಾಗದು. ಶಂಕುಕೋಶಗಳ ದೋಷವುಳ್ಳವರಿಗೆ ಪ್ರಖರ ಬೆಳಕು ಸಹಿಸದು. ಕಣ್ಣಿನ ಚಲನೆಯನ್ನು ಹಿಂಬಾಲಿಸುವ, ಕಡಿಮೆ ಬೆಳಕಿನಲ್ಲಿ ಬೇಗನೆ ಚಿತ್ರ ತೆಗೆಯುವ ಯಂತ್ರಗಳು ಇವರಿಗೆ ಬೇಕು. ಸೂಕ್ಷ್ಮ ದ್ಯುತಿ ಭಾಗಗಳು, ಗದ್ದದ ಆಸರೆ, ಎತ್ತರ ಹೊಂದಿಸುವ ಮೇಜು, ವಿದ್ಯುತ್ ಘಟಕ, ತಂತ್ರಾಂಶ – ಇವುಗಳಲ್ಲಿ ಸಣ್ಣ ಕಾರ್ಖಾನೆಗಳಿಗೂ ಸ್ಥಾನವಿದೆ.

ಈ ಕ್ಷೇತ್ರಕ್ಕೆ ಕಾಲಿಡುವವರು 2017ರ ವೈದ್ಯಕೀಯ ಉಪಕರಣಗಳ ನಿಯಮಗಳನ್ನು ಗಮನಿಸಬೇಕು. ಅಪಾಯದ ಮಟ್ಟಕ್ಕೆ ಅನುಗುಣವಾಗಿ ಉಪಕರಣಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಲಾಗಿದೆ. ತಯಾರಿಕೆಗೆ ಎ ಮತ್ತು ಬಿ ವರ್ಗಗಳಲ್ಲಿ ರಾಜ್ಯದ ಪರವಾನಗಿ ಪ್ರಾಧಿಕಾರ, ಸಿ ಮತ್ತು ಡಿ ವರ್ಗಗಳಲ್ಲಿ ಕೇಂದ್ರ ಪ್ರಾಧಿಕಾರ ಅನುಮತಿ ನೀಡುತ್ತದೆ.

ಕುಟುಂಬಗಳ ಗಮನಕ್ಕೆ

ಹಿಂದಿನ ವರ್ಷದ ಅಢಾವೆ ಪತ್ರಿಕೆಯಿಲ್ಲದೆ ಈ ವರ್ಷದ ಏರುಪೇರು ವ್ಯಾಪಾರಿಗೆ ತಿಳಿಯದು. ಅಕ್ಷಿಪಟಲದ ಲೆಕ್ಕವೂ ಹಾಗೆಯೇ. ಸಂಜೆಯಾದೊಡನೆ ತಡವರಿಸುವ, ಪಕ್ಕದ ವಸ್ತುಗಳಿಗೆ ಎಡವುವ ಮಗುವಾಗಲಿ ಕೆಲಸಗಾರನಾಗಲಿ ಕಂಡುಬಂದಲ್ಲಿ ಅಕ್ಷಿಪಟಲ ತಜ್ಞರಲ್ಲಿ ಪರೀಕ್ಷೆ ಮಾಡಿಸಬೇಕು. ತೆಗೆದ ಪ್ರತಿಯೊಂದು ಚಿತ್ರದ ಪ್ರತಿಯನ್ನೂ ದಿನಾಂಕ ಸಹಿತ ಜೋಪಾನವಾಗಿ ಇಡಬೇಕು. ಎಲ್ಲ ಜೀನ್‌ಗಳ ದೋಷಕ್ಕೂ ಇಂದು ಚಿಕಿತ್ಸೆಯಿಲ್ಲ. ಅದು ಬರುವ ದಿನ, ಯಾವ ಭಾಗ ಎಷ್ಟು ಉಳಿದಿದೆ ಎಂದು ಹೇಳಬಲ್ಲವು ಇದೇ ಚಿತ್ರಗಳು.