ನಾಯಕಿ ಸೋತ ಫೈಟು! ಬೋಳಾದದ್ದು ಯಾರ ತಲೆ?

ಸಿನಿಮಾ ಫೈಟಿಗೆ ಒಂದು ಕಾನೂನುಂಟು. ಹೀರೋ ಎಷ್ಟು ಒದೆ ಬೇಕಾದರೂ ತಿನ್ನಲಿ, ತುಟಿಯಂಚಿನ ರಕ್ತ ಒರೆಸಿಕೊಂಡು ಒಂದು ಸಲ ತಲೆ ಎತ್ತಿದನೋ... ಮುಗೀತು! ಗಾಂಧಿ ಕ್ಲಾಸಿನಿಂದ ಶಿಳ್ಳೆ, ಪರದೆಯ ಮುಂದೆ ಚಿಲ್ಲರೆ ಕಾಸಿನ ಮಳೆ. ಕೊನೆಯ ರೀಲಿನಲ್ಲಿ ಖಳನಾಯಕ ಮಣ್ಣು ಮುಕ್ಕಲೇಬೇಕು. ಟಿಕೆಟ್ ಕೊಂಡವನಿಗೆ ಅದು ಸಲ್ಲಬೇಕಾದ ಬಾಕಿ.

ಆದರೆ ತಲೆ ಎತ್ತಲೇ ಇಲ್ಲ ಅಂದ್ರೆ? ನಾಯಕಿ ಸೋತು, ಖಳನಾಯಕಿ ಗೆದ್ದು, ಸಾವಿರಾರು ಅಭಿಮಾನಿಗಳ ಕಣ್ಣೆದುರೇ ನಾಯಕಿಯ ತಲೆ ಬೋಳಿಸಿ ಕಳಿಸಿದರೆ?

ಹೌದು ಗೆಳೆಯರೇ, ಹಾಗೊಂದು ಫೈಟು ನಡೆದಿದೆ. ಸಿನಿಮಾದಲ್ಲಲ್ಲ, ರಿಂಗಿನಲ್ಲಿ! ಜಪಾನಿನ ಒಸಾಕಾ ನಗರದ ಒಸಾಕಾ-ಜೋ ಹಾಲ್. ದಿನಾಂಕ 1985ರ ಆಗಸ್ಟ್ 28. ಒಂದು ಕಡೆ ಚಿಗುಸಾ ನಾಗಾಯೊ, ಇನ್ನೊಂದು ಕಡೆ ಡಂಪ್ ಮಾತ್ಸುಮೋತೊ. ಪಣಕ್ಕಿಟ್ಟದ್ದು ಹಣವಲ್ಲ, ಪದಕವಲ್ಲ. ತಲೆಗೂದಲು! ಸೋತವಳ ತಲೆ ಅಲ್ಲೇ, ರಿಂಗಿನೊಳಗೇ ಬೋಳು.

ಮಹಿಳಾ ಕುಸ್ತಿ ಎಂದೊಡನೆ ಇದೊಂದೇ ಫೈಟಿನ ಮಾತೆತ್ತುವವರು ಇಂದಿಗೂ ಇದ್ದಾರೆ. ಇದು ನಿಜಕ್ಕೂ ಅಷ್ಟು ದೊಡ್ಡ ಫೈಟೇ? ಅಥವಾ ರಕ್ತ, ಕಣ್ಣೀರು ತೋರಿಸಿ ಗಲ್ಲಾಪೆಟ್ಟಿಗೆ ತುಂಬಿಸಿಕೊಂಡ ಚಮತ್ಕಾರವೇ? ಬನ್ನಿ, ಸ್ವಲ್ಪ ತೂಗಿ ನೋಡೋಣ.

ಒಂದೇ ಗರಡಿಯ ಹುಡುಗಿಯರು

ಮೊದಲೇ ಒಂದು ಮಾತು. ಇದು ನಮ್ಮ ಮಟ್ಟಿ ಮೇಲಿನ ಕುಸ್ತಿ ಅಲ್ಲ. ಯಾರು ಗೆಲ್ಲಬೇಕೆಂದು ಕಂಪನಿಯವರು ಮೊದಲೇ ಗೊತ್ತು ಮಾಡಿರುತ್ತಾರೆ. "ಹಾಗಾದ್ರೆ ಎಲ್ಲಾ ಡ್ರಾಮಾನಾ?" ಅಂತ ಮೂಗು ಮುರಿಯಬೇಡಿ. ಸಿನಿಮಾ ಕೂಡ ಡ್ರಾಮಾನೇ ಅಲ್ವಾ? ಗೆಲುವು ಗೊತ್ತಾದದ್ದು ನಿಜ. ಬಿದ್ದಾಗಿನ ನೋವೂ ಅಷ್ಟೇ ನಿಜ, ಹರಿದ ರಕ್ತವೂ ಅಷ್ಟೇ ನಿಜ. ಬೋಳಿಸಿದ ಕೂದಲಂತೂ ಯಾವ ಮೇಕಪ್ ಮನೆಯ ವಿಗ್ಗೂ ಅಲ್ಲ.

ಈ ಕಂಪನಿಯನ್ನು 1968ರಲ್ಲಿ ಕಟ್ಟಿದವರು ಮಾತ್ಸುನಾಗಾ ಸಹೋದರರು. ಅಭಿಮಾನಿಗಳ ಬಾಯಲ್ಲಿ ಅದರ ಹೆಸರು 'ಜೆಂಜೊ'. ಶಾಲೆ ಬಿಟ್ಟ ಹುಡುಗಿಯರನ್ನು ಆರಿಸಿ ತರಬೇತಿ ಕೊಡುತ್ತಿದ್ದರು. ಶಿಸ್ತೋ, ಅಬ್ಬಬ್ಬಾ! ಮದ್ಯ ಕೂಡದು, ಸಿಗರೇಟು ಕೂಡದು, ಗಂಡಸಿನ ಸಹವಾಸವಂತೂ ಕೂಡದೇ ಕೂಡದು. ವಯಸ್ಸು ಇಪ್ಪತ್ತಾರರ ಹತ್ತಿರ ಬಂತೋ, ಮನೆಗೆ ಹೋಗು! ಹೊಸ ಹುಡುಗಿ ಸಿದ್ಧ.

ಚಿಗುಸಾ ಮತ್ತು ಡಂಪ್ ಇಬ್ಬರೂ ರಿಂಗಿಗೆ ಇಳಿದದ್ದು 1980ರಲ್ಲಿ. ಒಂದೇ ತಂಡ, ಒಂದೇ ಗರಡಿ. ಚಿಗುಸಾ ನಾಗಾಸಾಕಿ ಸೀಮೆಯವಳು, ಕರಾಟೆ ಕಲಿತವಳು. 1983ರಲ್ಲಿ ಲಯನೆಸ್ ಅಸುಕಾ ಜೊತೆ ಸೇರಿ 'ಕ್ರಷ್ ಗ್ಯಾಲ್ಸ್' ಜೋಡಿಯಾದಳು. ಆಮೇಲೆ ಆದದ್ದು ಕುಸ್ತಿ ಅಲ್ಲ ಗೆಳೆಯರೇ, ಹುಚ್ಚು! ರಿಂಗಿನಲ್ಲೂ ಇವರೇ, ಗ್ರಾಮಫೋನ್ ರೆಕಾರ್ಡಿನಲ್ಲೂ ಇವರೇ, ಫ್ಯೂಜಿ ಟೆಲಿವಿಷನ್ನಿನಲ್ಲೂ ಇವರೇ. ಇವರನ್ನು ಕಂಡು ಕೂಗಿ ಗಂಟಲು ಹರಿದುಕೊಂಡವರು ಗಂಡು ಹುಡುಗರಲ್ಲ, ಶಾಲೆಗೆ ಹೋಗುವ ಹುಡುಗಿಯರು. ನಮ್ಮಲ್ಲಿ ಹೀರೋ ಕಟೌಟಿಗೆ ಹಾಲೆರೆಯುವವರಿಗೆ ಇರುವ ಭಕ್ತಿ ಅಲ್ಲಿ ಆ ಹುಡುಗಿಯರಿಗಿತ್ತು.

ಇನ್ನು ಡಂಪ್? ಅವಳ ನಿಜವಾದ ಹೆಸರು ಕಾವೊರು ಮಾತ್ಸುಮೋತೊ. 'ಬ್ಯೂಟಿ ಪೇರ್' ಎಂಬ ಹಿಂದಿನ ಜೋಡಿಯ ಜಾಕಿ ಸಾತೊ ಎಂದರೆ ಇವಳಿಗೆ ಪ್ರಾಣ. ಅವಳಂತೆ ನಾಯಕಿಯಾಗಬೇಕೆಂದು ಬಂದವಳು. ಆದರೆ ದಪ್ಪ ದೇಹ, ಗುಂಡು ಮುಖ... ನಾಯಕಿಯ ಪಟ್ಟ ಯಾರು ಕಟ್ಟುತ್ತಾರೆ? ಕೊನೆಗೆ ಮುಖಕ್ಕೆ ಬಣ್ಣ ಬಳಿದುಕೊಂಡಳು, ಕೂದಲಿಗೆ ಹಳದಿ ಹಚ್ಚಿದಳು, ಕೈಗೆ ಬಿದಿರು ಕತ್ತಿ ಮತ್ತು ಸರಪಳಿ ಎತ್ತಿಕೊಂಡಳು. ಹೆಸರನ್ನೂ ಮಣ್ಣು ಸುರಿಯುವ ಲಾರಿಯಿಂದಲೇ ತೆಗೆದುಕೊಂಡದ್ದು: ಡಂಪ್! ಅವಳ ಬಳಗದ ಹೆಸರು 'ಗೊಕುಆಕು ದೋಮೇಯಿ', ಅಂದರೆ ಮಹಾ ದುಷ್ಟರ ಕೂಟ.

ಒದೆ ತಿನ್ನುವುದೂ ಒಂದು ಕಲೆ

ಈಗ ಫೈಟಿಗೆ ಬರೋಣ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಬರೀ ಕುಸ್ತಿ ಎಂದು ನೋಡಿದರೆ ಇದು ಬಡ ಫೈಟು. ಪಟ್ಟು ಕಡಿಮೆ, ಪೆಟ್ಟು ಜಾಸ್ತಿ. ಚಿಗುಸಾ ಕರಾಟೆಯ ಒದೆಗಳಿಗೆ ಹೆಸರಾದವಳು. ಅವುಗಳಿಗೆ ಇಲ್ಲಿ ಸಿಕ್ಕ ಜಾಗ ಬೊಗಸೆಯಷ್ಟು. ಸರಪಳಿಯಿಂದ ಕುತ್ತಿಗೆ ಬಿಗಿಯುವುದು, ಆಯುಧದಿಂದ ಹಣೆ ಬಗೆಯುವುದು, ಮತ್ತೆ ಸರಪಳಿ... ನಡುವೆ ನಡುವೆ ರೀಲು ಹಿಂದಕ್ಕೇ ತಿರುಗುತ್ತಿದೆಯೇನೋ ಅನ್ನಿಸುತ್ತದೆ.

ಎರಡನೇ ತಪ್ಪು ರೆಫ್ರಿ. ಶಿರೋ ಆಬೆ ಎಂಬಾತ. ಡಂಪ್ ಪಕ್ಷಪಾತಿ ಎಂದೇ ಕುಖ್ಯಾತಿ. ಅವಳ ಕೈಲಿ ಆಯುಧವಿದ್ದರೆ ಇವನಿಗೆ ಕಣ್ಣು ಕಾಣದು! ಮೊದಲ ಸಲ ರಕ್ತ ಕುದಿಯುತ್ತದೆ, ಸರಿ. ಎರಡನೇ ಸಲವೂ ಸರಿ. ಪದೇ ಪದೇ ಅದೇ ಆದಾಗ ಸಿಟ್ಟು ಹೋಗಿ ಬೇಸರ ಬರುತ್ತದೆ. ನಮ್ಮ ಚಿತ್ರಗಳಲ್ಲಿ ಹಾಸ್ಯನಟ ಒಂದೇ ಜೋಕನ್ನು ಇಂಟರ್‌ವಲ್ಲಿನ ಮೊದಲೂ ಆಮೇಲೂ ಹೇಳಿದ ಹಾಗೆ.

ಆದರೆ... ಈ 'ಆದರೆ'ಯಲ್ಲೇ ಫೈಟಿನ ಜೀವ ಇರೋದು.

ಚಿಗುಸಾ ಒದೆ ತಿನ್ನುವ ರೀತಿ ನೋಡಿ ಸ್ವಾಮಿ! ಹೊಡೆಯುವುದು ಯಾರಿಗಾದರೂ ಬರುತ್ತೆ, ಹೊಡೆತ ತಿನ್ನುವುದಕ್ಕೆ ಕಲೆ ಬೇಕು. ಮುಖದ ತುಂಬ ರಕ್ತ, ಕಣ್ಣು ಅರ್ಧ ಮುಚ್ಚಿದೆ, ಆದರೂ ಕೈ ಹಗ್ಗಕ್ಕಾಗಿ ತಡಕಾಡುತ್ತದೆ. ಪ್ರತಿ ಸಲ ಅವಳು ಏಳಲು ಹೊರಟಾಗ ಇಡೀ ಹಾಲ್ ಅವಳೊಂದಿಗೆ ಏಳುತ್ತದೆ, ಬಿದ್ದಾಗ ಅವಳೊಂದಿಗೆ ಬೀಳುತ್ತದೆ. ಒಂದು ಡೈಲಾಗಿಲ್ಲ, ಒಂದು ಹಾಡಿಲ್ಲ. ಆಗ ಅವಳ ವಯಸ್ಸು ಕೇವಲ 20!

ಡಂಪ್‌ಗೂ ಅಷ್ಟೇ ಅಂಕ ಕೊಡಬೇಕು. ಖಳನ ಪಾತ್ರ ಮಾಡುವ ಬಹಳ ಜನ ಒಳಗೊಳಗೇ "ನಾನು ಒಳ್ಳೆಯವನೇ ಕಣ್ರೀ" ಎಂದು ಕಣ್ಣು ಮಿಟುಕಿಸುತ್ತಾರೆ. ಡಂಪ್ ಒಂದು ಕ್ಷಣವೂ ಹಾಗೆ ಮಾಡುವುದಿಲ್ಲ. ದ್ವೇಷಿಸಿ, ಇನ್ನೂ ದ್ವೇಷಿಸಿ ಎಂದು ಬೇಡಿ ಬೇಡಿ ಪಡೆಯುತ್ತಾಳೆ. ವಜ್ರಮುನಿ ತೆರೆಗೆ ಬಂದರೆ ಹೆಂಗಸರು ಶಾಪ ಹಾಕುತ್ತಿದ್ದರಲ್ಲ, ಆ ಶಾಪವೇ ಅವರ ಪ್ರಶಸ್ತಿ. ಡಂಪ್ ಕೂಡ ಅದೇ ಜಾತಿಯ ಕಲಾವಿದೆ. ಆದರೆ ಅವಳು ತೆತ್ತ ಬೆಲೆ ದೊಡ್ಡದು. ರಿಂಗಿನ ಹೊರಗೂ ಜನ ಅವಳನ್ನು ದ್ವೇಷಿಸಿದರು. ಅವಳ ಮನೆಯವರಿಗೂ ಅದರ ಬಿಸಿ ತಟ್ಟಿತು.

ಕತ್ತರಿಯ ಸದ್ದು

ಕೊನೆಗೆ ಚಿಗುಸಾ ಏಳಲಾಗಲಿಲ್ಲ. ಗೆಲುವು ಡಂಪ್‌ಗೆ. ಮಾಮೂಲಿ ಫೈಟಾಗಿದ್ದರೆ ಇಲ್ಲಿಗೆ 'ಶುಭಂ'. ನಿಜವಾದ ಕ್ಲೈಮ್ಯಾಕ್ಸ್ ಶುರುವಾದದ್ದೇ ಈಗ.

ರಿಂಗಿನ ನಡುವೆ ಒಂದು ಕುರ್ಚಿ. ಅದರಲ್ಲಿ ರಕ್ತ ಸುರಿಯುತ್ತಿರುವ ಚಿಗುಸಾ, ಕುತ್ತಿಗೆಗೆ ಸರಪಳಿ. ಮೊದಲು ಕತ್ತರಿ, ಆಮೇಲೆ ಕ್ಷೌರದ ಮೆಷಿನ್. ಜೊತೆಗಾತಿ ಅಸುಕಾ ಅಳುತ್ತಾ ತಡೆಯಲು ನುಗ್ಗುತ್ತಾಳೆ, ಆಗುವುದಿಲ್ಲ. ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗುತ್ತದೆ. ಅಯ್ಯೋ, ಆ ಹುಡುಗಿಯರ ಮುಖ! ಕೈಮುಗಿದು ಬೇಡುವವರು, ಕಿರುಚುವವರು, ಬಿಕ್ಕಿ ಬಿಕ್ಕಿ ಅಳುವವರು. ಅವರ ಪಾಲಿಗೆ ಅದು ನಾಟಕವಾಗಿರಲಿಲ್ಲ. ಅಕ್ಕನ ಮಾನ ಹೋಗುತ್ತಿತ್ತು.

ನನ್ನ ಲೆಕ್ಕದಲ್ಲಿ ಈ ಫೈಟಿನ ಶ್ರೇಷ್ಠತೆ ಇರುವುದೂ ಇಲ್ಲೇ, ಪಾಪ ಇರುವುದೂ ಇಲ್ಲೇ. ಶ್ರೇಷ್ಠತೆ ಏಕೆಂದರೆ, ಕಥೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಕೂದಲು ಪಣ ಎಂದರು, ತೆಗೆದರು. ಕೊನೆ ಗಳಿಗೆಯಲ್ಲಿ ಪೊಲೀಸ್ ಜೀಪು ಬರಲಿಲ್ಲ, ದೇವರ ಪವಾಡ ನಡೆಯಲಿಲ್ಲ. ಪಾಪ ಏಕೆಂದರೆ, ಹದಿಮೂರು ಹದಿನಾಲ್ಕರ ಎಳೆಯ ಮಕ್ಕಳ ಕಣ್ಣೀರನ್ನು ಇಷ್ಟು ಹಿಂಡಬೇಕಿತ್ತೇ?

ನಮ್ಮ ಮಾತಿನಲ್ಲಿ ತಲೆ ಬೋಳಿಸುವುದು ಎಂದರೆ ಮೋಸ ಮಾಡುವುದು. ಆ ಅರ್ಥದಲ್ಲಿ ನೋಡಿದರೆ ಅಂದು ಬೋಳಾದದ್ದು ಯಾರ ತಲೆ? ಟಿಕೆಟ್ ಕೊಂಡ ಹುಡುಗಿಯರದೇ? ನಾನು ಅಲ್ಲ ಅನ್ನುತ್ತೇನೆ. ಅವರು ಕೊಟ್ಟ ಕಾಸಿಗೆ ಜೀವಮಾನವಿಡೀ ಮರೆಯದ ಗಳಿಗೆ ಸಿಕ್ಕಿತು. ಬೋಳಾದದ್ದು ಆ ಇಬ್ಬರದೂ! ಒಬ್ಬಳಿಗೆ 20, ಇನ್ನೊಬ್ಬಳಿಗೆ 24. ಒಬ್ಬಳು ರಕ್ತ ಕೊಟ್ಟಳು, ಒಬ್ಬಳು ಒಳ್ಳೆಯ ಹೆಸರು ಕೊಟ್ಟಳು. ಕಂಪನಿ ಗಲ್ಲಾ ಎಣಿಸಿಕೊಂಡಿತು. ಕೆಲವೇ ವರ್ಷಕ್ಕೆ "ವಯಸ್ಸಾಯ್ತು, ಹೊರಡಿ" ಅನ್ನುವ ಕಂಪನಿ!

ಎರಡನೇ ಭಾಗ

ಚಿಗುಸಾ ಬೋಳುತಲೆಯಲ್ಲೇ ಮತ್ತೆ ರಿಂಗಿಗೆ ಬಂದಳು. 1986ರ ನವೆಂಬರ್ 7ರಂದು ಅದೇ ಹಾಲಿನಲ್ಲಿ, ಅದೇ ಪಣದ ಮೇಲೆ ಮರುಫೈಟು. ಈ ಸಲ ಗೆದ್ದದ್ದು ಚಿಗುಸಾ, ಬೋಳಾದದ್ದು ಡಂಪ್. ಬಾಕಿ ಚುಕ್ತಾ! ನೋಡಲು ಖುಷಿಯೇನೋ ಆಗುತ್ತೆ. ಆದರೆ ನೆನಪಿನಲ್ಲಿ ಉಳಿಯುವುದು ಮೊದಲನೆಯದೇ. ಗೆದ್ದ ನಾಯಕಿಯರು ಸಾವಿರ ಇದ್ದಾರೆ, ಹಾಗೆ ಸೋತವಳು ಒಬ್ಬಳೇ.

1988ರ ಫೆಬ್ರವರಿಯಲ್ಲಿ ಡಂಪ್ ನಿವೃತ್ತಳಾದಳು. ಆ ದಿನ ಕೊನೆಗೆ ಏನಾಯಿತು ಗೊತ್ತೇ? ಹಳೆಯ ವೈರಿಗಳಾದ ಡಂಪ್, ಚಿಗುಸಾ ಒಂದೇ ಪಕ್ಷದಲ್ಲಿ ನಿಂತು ಆಡಿದರು! ಒಂದೇ ಗರಡಿಯ ಹುಡುಗಿಯರಲ್ಲವೇ? ಮರುವರ್ಷ ಚಿಗುಸಾಳೂ ಹೊರಟಳು. ಆದರೆ ಸುಮ್ಮನೆ ಕೂರಲಿಲ್ಲ. ಮುಂದೆ ತಾನೇ 'ಗಾಯಿಯಾ ಜಪಾನ್' ಎಂಬ ಕುಸ್ತಿ ಸಂಸ್ಥೆ ಕಟ್ಟಿದಳು. ಅವಳನ್ನು ಮನೆಗೆ ಕಳಿಸಿದ ಹಳೆಯ ಕಂಪನಿ 2005ರಲ್ಲಿ ಬಾಗಿಲು ಹಾಕಿತು.

ಈ ಕಥೆ 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ 5 ಕಂತುಗಳ ಸರಣಿಯಾಗಿ ಬಂತು. ಹೆಸರು 'ದಿ ಕ್ವೀನ್ ಆಫ್ ವಿಲನ್ಸ್'. ಹಾಸ್ಯನಟಿ ಯೂರಿಯಾನ್ ರಿಟ್ರೀವರ್ ಡಂಪ್ ಆದಳು, ಎರಿಕಾ ಕರಾತಾ ಚಿಗುಸಾ ಆದಳು. ಆ ಬೋಳು ತಲೆಯ ದೃಶ್ಯಕ್ಕೆ ಎರಿಕಾ ನಿಜವಾಗಿಯೂ ತಲೆ ಬೋಳಿಸಿಕೊಂಡಳು! ನಟಿಯರಿಗೆ ಕುಸ್ತಿ ಕಲಿಸುವ ಮೇಲ್ವಿಚಾರಣೆ ಯಾರದು? ಸಾಕ್ಷಾತ್ ಚಿಗುಸಾ ನಾಗಾಯೊಳದೇ. ತನ್ನ ಸೋಲನ್ನು ಇನ್ನೊಬ್ಬಳಿಗೆ ತಾನೇ ಕಲಿಸಿಕೊಟ್ಟಳು. ಮತ್ತೊಂದು ವಿಶೇಷ: ಸರಣಿಯ ಹೆಸರಿನಲ್ಲಿ ಇರುವುದು ನಾಯಕಿಯಲ್ಲ, ಖಳನಾಯಕಿ. ಅಂದು ಶಾಪ ತಿಂದವಳಿಗೆ ಇಂದು ಪಟ್ಟಾಭಿಷೇಕ!

ಕೊನೆಯ ತೀರ್ಪು? ಕುಸ್ತಿಗೆ ಹತ್ತಕ್ಕೆ ಐದು. ಅಭಿನಯಕ್ಕೆ ಹತ್ತಕ್ಕೆ ಹತ್ತು. ಕಂಪನಿಯ ಕರುಣೆಗೆ ಸೊನ್ನೆ!

ಸರಣಿ ನೋಡಿದವರೂ ಒಮ್ಮೆ ಹಳೆಯ ಅಸಲಿ ಫೈಟನ್ನು ನೋಡಿ. ರಕ್ತ ನೋಡಲಾಗದವರು ಕಣ್ಣು ಮುಚ್ಚಿಕೊಳ್ಳಿ, ಕಿವಿ ಮಾತ್ರ ತೆರೆದಿಡಿ. ಆ ಹುಡುಗಿಯರ ಕೂಗು ಕೇಳಿದ ಮೇಲೆ, ಮುಂದಿನ ಸಲ ಚಿತ್ರಮಂದಿರದಲ್ಲಿ ಖಳನಾಯಕನಿಗೆ ಬೈಯುವಾಗ ನಿಮಗೊಂದು ಕ್ಷಣ ಡಂಪ್ ನೆನಪಾಗುತ್ತಾಳೆ. ಬೈಯಿರಿ, ಜೋರಾಗಿಯೇ ಬೈಯಿರಿ! ಆದರೆ ಆಟ ಮುಗಿದು ಹೊರಬರುವಾಗ ಒಂದು ಚಪ್ಪಾಳೆ ಅವನಿಗೂ ಇರಲಿ.